ಪ್ರಯೋಗ ಏಳು

ಲೈನ್ ಬಜಾರಿನಲ್ಲಿ ಕೊಂಡ ಐದು ಸ್ಕೆಚ್ ಪೆನ್ನು,
ಹಳೇ ಲಗ್ನಪತ್ರಿಕೆಗಳ ಖಾಲಿ ಬೆನ್ನು.
ಹಸಿರಿನಲ್ಲಿ ಬರೆದೆ: ಕೆಂಪು.
ಕೆಂಪಿನಲ್ಲಿ: ನೀಲಿ.
ನೀಲಿಯಲ್ಲಿ: ಹಳದಿ.
ಹೀಗೆ ಇಪ್ಪತ್ತು ಸುಳ್ಳು.
ವಿಭಾಗದ ಕಾರ್ಡುಗಳೆಲ್ಲ ಇಂಗ್ಲಿಷಿನವು,
ನಮ್ಮ ತರಗತಿಯ ಅರ್ಧ ಮಂದಿಗೆ
ಇಂಗ್ಲಿಷಿನ ಕೆಂಪು ಅಷ್ಟು ಬೇಗ ಕೆಂಪಾಗುತ್ತಿರಲಿಲ್ಲ.

"ಅಕ್ಷರ ಓದಬ್ಯಾಡ್ರಿ, ಶಾಯಿ ಬಣ್ಣ ಹೇಳ್ರಿ."
ಇಷ್ಟೇ ಸೂಚನೆ.
ರೂಮಿನ ಹಜರತಬಿ ಮೂರನೆಯದಕ್ಕೇ ಮುಗ್ಗರಿಸಿದಳು,
ಸುಳ್ಳು ಬರೆದವಳು ನಾನು, ಐದನೆಯದಕ್ಕೆ.
ಕಣ್ಣು ಹಸಿರು ಕಂಡಿತ್ತು, ಬಾಯಿ ಕೆಂಪು ಅಂದಿತ್ತು,
ನಡುವೆ ಯಾರೋ ಬಾಗಿಲಿಗೆ ಅಡ್ಡ ನಿಂತಿದ್ದರು.
ಓದು ಬಂದವರು ಓದದೇ ಇರಲಾರರು
ಅಂತ ಪುಸ್ತಕದಲ್ಲಿತ್ತು, ಪುಟ ನೂರಾ ಹನ್ನೆರಡು.

ನನಗೆ ಇನ್ನೊಬ್ಬ ಸಬ್ಜೆಕ್ಟ್ ಬೇಕಿತ್ತು.
ಸಪ್ತಾಪುರದ ಖಾನಾವಳಿ, ಮಧ್ಯಾಹ್ನ ಮೂರು,
ಹಂಚು ಆರಿತ್ತು,
ಫಕ್ಕೀರವ್ವ ಹಿಟ್ಟಿನ ಡಬ್ಬಿಗೆ ಒರಗಿ ಕೂತಿದ್ದಳು.
ನಲವತ್ತಾರು ಜನರ ತಿಂಗಳ ಲೆಕ್ಕ ಅವಳ ತಲೆಯಲ್ಲಿ:
ಯಾರು ಉಳ್ಳಾಗಡ್ಡಿ ಮುಟ್ಟೂದಿಲ್ಲ,
ಯಾರಿಗೆ ಸೋಮವಾರ ಉಪವಾಸ,
ಪಿಎಸ್‌ಐ ಪರೀಕ್ಷೆ ಫೇಲಾದ ದಿನ ರೋಣದ ಹುಡುಗ
ಎಷ್ಟು ರೊಟ್ಟಿ ಬಿಟ್ಟು ಎದ್ದ.

ಹೋದ ವಾರವಷ್ಟೇ ಅಂಕಿಗಳ ಪರೀಕ್ಷೆ ಮಾಡಿದ್ದೆ.
ಆರು, ಒಂದು, ಒಂಬತ್ತು, ನಾಲ್ಕು, ಏಳು.
ಐದಕ್ಕೇ ಕೈಬಿಟ್ಟಳು.
"ಯಾರವು ಇವು?
ಯಾರವು ಅಂತ ಹೇಳದ ಹೆಂಗ ನೆನಪಿಡ್ಲಿ?"
ಸರಾಸರಿಗಿಂತ ಕಡಿಮೆ, ಅಂತ ಜರ್ನಲ್ಲಿನಲ್ಲಿ ಬರೆದೆ.
ಬರೆದು, ಅದೇ ಕೈ ತೊಳೆದು
ಅವಳ ರೊಟ್ಟಿ ಮುರಿದೆ.

ಈ ಸಲ ಕಾರ್ಡು. ಸ್ಟಾಪ್‌ವಾಚಿನ ಗುಂಡಿ ಒತ್ತಿದೆ.
ಹಸರ. ಕೆಂಪ. ನೀಲಿ. ಕರೇದು. ಹಳದಿ.
ಬೆಂಡಿಕಾಯಿ ಹೆಚ್ಚಿದ ಹಾಗೆ, ಒಂದೇ ಅಳತೆ,
ಇಪ್ಪತ್ತೂ ಮುಗಿದವು, ಒಂದೂ ತಪ್ಪಿಲ್ಲ.
ಬಾಗಿಲಿನಲ್ಲಿ ಯಾರೂ ಇರಲಿಲ್ಲ.

ಕುಣಿಯುವುದೊಂದು ಬಾಕಿ ಇತ್ತು ನನಗೆ.
ಆಮೇಲೆ ಕೇಳಿದೆ: ಇಲ್ಲಿ ಏನ ಬರದೈತಿ?
"ಅದು ನನಗೇನ ಗೊತ್ತವಾ.
ರಂಗೋಲಿ ತಪ್ಪಿದಂಗ ಕಾಣತಾವ."

ಇನಾಮದಾರ ಮೇಡಂ ಹಾಳೆ ನೋಡಿ ಕನ್ನಡಕ ತೆಗೆದರು.
"ಇದು ನಡೆಯೂದಿಲ್ಲ. ಓದು ಬಂದವರನ್ನ ತಗೋ."
ತಗೊಂಡೆ. ಕೋರ್ಟಿನ ಟೈಪಿಸ್ಟ್.
ಬೇಕಾದಲ್ಲೆಲ್ಲ ಬೇಕಾದಷ್ಟು ತಡವರಿಸಿದ.
ಇಪ್ಪತ್ತಕ್ಕೆ ಹದಿನೆಂಟು ಬಂತು.
ಫಕ್ಕೀರವ್ವನ ಹಾಳೆ ಹರಿಯಲಿಲ್ಲ,
ಜರ್ನಲ್ಲಿನ ಕಂದು ಹೊದಿಕೆಯೊಳಗೆ ತುರುಕಿಟ್ಟೆ.

ಕಲಿಸು ಅಂದವಳು ಅವಳೇ, ದೀಪಾವಳಿ ಕಳೆದ ವಾರ.
ಗ್ಯಾಸಿನವನ ಚೀಟಿ ಓದಬೇಕಂತೆ.
ಅ ಆ ಬಿಟ್ಟು ರೊಟ್ಟಿಯಿಂದ ಹಿಡಿದೆವು.
"ಒಂದು ರೊಟ್ಟಿಗೆ ಎರಡು ಟ ಯಾಕ?"
ತನ್ನ ಹೆಸರಿನಲ್ಲೇ ಎರಡು ಒತ್ತು ಅಂತ ತಿಳಿದ ದಿನ
ಹೆಸರಿಟ್ಟ ಸೋದರತ್ತೆಯ ಮೇಲೆ ಸಿಟ್ಟಾದಳು.
ಹಿಟ್ಟು ಹರವಿದ ಕಲ್ಲಿನ ಮೇಲೆ ಬೆರಳಿನಿಂದ ಬರೆದು
ಅದೇ ಹಿಟ್ಟು ಬಡಿಯುತ್ತಿದ್ದಳು,
ಎಷ್ಟು ಅಕ್ಷರ ತಿಂದೆವೋ ಆ ವರ್ಷ.
ಒಂದು ಬೆಳಿಗ್ಗೆ ಹೊರಗಿನಿಂದ ಕೂಗಿದಳು:
ಬೋರ್ಡಿನಲ್ಲಿ 'ಖಾನವಳಿ' ಅಂತಿದೆ,
ದೀರ್ಘ ನುಂಗ್ಯಾನ ಪೇಂಟರು,
ಹದಿನೆಂಟು ವರ್ಷದಿಂದ!

ಆರನೇ ಸೆಮಿಸ್ಟರ್ ಮುಗಿದು ರೂಮು ಖಾಲಿ ಮಾಡುವಾಗ
ಟ್ರಂಕಿನಿಂದ ಕಾರ್ಡುಗಳು ಉದುರಿದವು.
ಬುತ್ತಿ ಕಟ್ಟಿ ತಂದವಳು ಅಂದಳು,
"ತಾ, ಇನ್ನೊಮ್ಮೆ ಆಡೂಣು."
ಮೊಬೈಲಿನಲ್ಲಿ ಸಮಯ ಹಚ್ಚಿ ಮೊದಲನೆಯದು ಹಿಡಿದೆ.

"ಕೆಂ..."
ನಿಂತಳು.
ಬಾಯಿ ತೆರೆದೇ ಇತ್ತು,
ಕಾರ್ಡಿನ ಹಿಂದೆ ಯಾರಾದರೂ ಇದ್ದಾರೋ ಎಂಬಂತೆ
ಅದನ್ನು ಹೊರಳಿಸಿ ನೋಡಿದಳು:
ಯಾರದೋ ಮದುವೆ, ಯಾವುದೋ ಮುಹೂರ್ತ,
ಅದನ್ನೂ ಓದಿದಳು.
ಮತ್ತೆ ಮುಂದಕ್ಕೆ ಹೊರಳಿಸಿ, ಮೆಲ್ಲಗೆ, "ಹಸರ."

ಆಮೇಲೆ ಶುರುವಾಯಿತು ನಗು,
ಗೋಡೆ ಹಿಡಿದು, ಸೆರಗು ಬಾಯಿಗಿಟ್ಟು,
"ನನಗೂ ಬಂತಲ್ಲೇ ನಿಮ್ಮ ಜಡ್ಡು!"
ಹಜರತಬಿ ನಕ್ಕಳು. ನಾನೂ ನಕ್ಕೆ,
ಒಂದು ಕ್ಷಣ ತಡವಾಗಿ.

ಉಳಿದ ಹತ್ತೊಂಬತ್ತು ನೆಲದ ಮೇಲೇ ಇದ್ದವು.
ಹಾಸಿಗೆಯ ಮೇಲೆ
ನಿಲ್ಲಿಸಲು ಮರೆತ ಸೆಕೆಂಡುಗಳು ಓಡುತ್ತಿದ್ದವು.